ಮಕ್ಕಳಿಗೆ ಮರ್ಯಾದೆಯ ಪಾಠ: ಸಂತ ಅಲೋಶಿಯಸ್ ಗೊನ್ಜಾಗರ ಬಾಳು

ಕನ್ನಡದಲ್ಲಿ ಮರ್ಯಾದೆ ಎಂಬ ಮಾತಿಗೆ ಎರಡು ಅರ್ಥಗಳಿವೆ. ಹಿರಿಯರು ಬಂದಾಗ ಎದ್ದು ನಿಲ್ಲುವುದು, ನಯವಾಗಿ ಮಾತನಾಡುವುದು, ಪರರ ವಸ್ತುವನ್ನು ಕೇಳದೆ ಮುಟ್ಟದಿರುವುದು ಮರ್ಯಾದೆ. ಮನೆತನದ ಮಾನ, ಹೆಸರು, ಊರಿನವರು ಕೊಡುವ ಗೌರವ ಇವೂ ಮರ್ಯಾದೆಯೇ. ಮೊದಲನೆಯದನ್ನು ನಾವು ಮಕ್ಕಳಿಂದ ಬಯಸುತ್ತೇವೆ, ಎರಡನೆಯದನ್ನು ಜನರಿಂದ ಬಯಸುತ್ತೇವೆ. ಇವೆರಡೂ ಒಂದೇ ದಾರಿಯಲ್ಲಿ ನಡೆಯುವ ಮನೆಯಲ್ಲಿ ಮಕ್ಕಳಿಗೆ ಕಷ್ಟವಿಲ್ಲ. ಆದರೆ ಮನೆಯ ಮಾನ ಒಂದು ಕಡೆಗೂ ಸತ್ಯ ಇನ್ನೊಂದು ಕಡೆಗೂ ಎಳೆದಾಗ ಮಗು ಯಾವುದನ್ನು ಹಿಡಿಯಬೇಕು? ನಾಲ್ಕು ಶತಮಾನಗಳ ಹಿಂದೆ ಇಟಲಿಯ ಒಂದು ಕೋಟೆಯಲ್ಲಿ ಬೆಳೆದ ಬಾಲಕನ ಮುಂದೆ ಈ ಪ್ರಶ್ನೆ ಮತ್ತೆ ಮತ್ತೆ ಬಂದು ನಿಂತಿತು. ಅವರೇ ಸಂತ ಅಲೋಶಿಯಸ್ ಗೊನ್ಜಾಗ.

ಮಂಗಳೂರಿಗೆ ಈ ಹೆಸರು ಹೊಸದಲ್ಲ. ನಮ್ಮ ಎಷ್ಟೋ ಕುಟುಂಬಗಳಲ್ಲಿ ಒಬ್ಬ ಲುವಿಸ್ ಅಥವಾ ಅಲೋಶಿಯಸ್ ಇದ್ದೇ ಇರುತ್ತಾರೆ. 1880ರ ಜನವರಿಯಲ್ಲಿ ಯೇಸುಸಭೆಯ ಗುರುಗಳು ಇಲ್ಲಿ ಆರಂಭಿಸಿದ ಕಾಲೇಜಿಗೂ ಅವರದೇ ಹೆಸರು. ಗುಡ್ಡದ ಮೇಲಿನ ಆ ಕಾಲೇಜಿನ ಚಾಪೆಲಿನಲ್ಲಿ ಇಟಲಿಯಿಂದ ಬಂದ ಬ್ರದರ್ ಅಂತೋನಿಯೊ ಮೊಸ್ಕೆನಿ 1899ರಿಂದ ಸುಮಾರು ಎರಡು ವರ್ಷ ದುಡಿದು ಗೋಡೆ, ಕಮಾನು, ಮಾಡು ಎಲ್ಲವನ್ನೂ ಚಿತ್ರಗಳಿಂದ ತುಂಬಿದರು. ಮಾಡಿನ ನಡುವಿನ ಸಾಲಿನಲ್ಲಿ ಇರುವುದು ಈ ಸಂತರ ಜೀವನವೇ. ನೋಡಲು ಬಂದ ಮಕ್ಕಳು ತಲೆಯೆತ್ತಿ ಬಣ್ಣಗಳನ್ನು ಮೆಚ್ಚುತ್ತಾರೆ. ಆ ಬಣ್ಣಗಳ ಹಿಂದಿನ ಕಥೆಯನ್ನು ಅವರಿಗೆ ಹೇಳುವ ಕೆಲಸ ಹೆತ್ತವರದು.

ಕೋಟೆಯಲ್ಲಿ ಹುಟ್ಟಿದ ಮಗು

1568ರ ಮಾರ್ಚ್ 9ರಂದು ಉತ್ತರ ಇಟಲಿಯ ಕಾಸ್ತಿಲ್ಯೋನೆ ಎಂಬ ಊರಿನಲ್ಲಿ ಅಲೋಶಿಯಸ್ ಜನಿಸಿದ. ತಂದೆ ಫೆರಾಂತೆ ಗೊನ್ಜಾಗ ಆ ಸಣ್ಣ ಸೀಮೆಯ ಒಡೆಯ, ಸ್ಪೇನ್ ದೊರೆಯ ಸೇವೆಯಲ್ಲಿದ್ದ ದಂಡನಾಯಕ. ತಾಯಿ ಮಾರ್ತಾ, ಸ್ಪೇನಿನ ರಾಣಿಯ ಸಖಿಯಾಗಿದ್ದವರು. ಹೆರಿಗೆ ಬಹಳ ಕಷ್ಟದ್ದಾಗಿ ತಾಯಿಯೂ ಮಗುವೂ ಉಳಿಯುವ ಭರವಸೆ ಇರಲಿಲ್ಲ. ಆದ್ದರಿಂದ ಮಗುವಿಗೆ ಆ ಗಳಿಗೆಯಲ್ಲೇ ಜ್ಞಾನಸ್ನಾನ ಕೊಡಲಾಯಿತು. ಹಿರಿಯ ಮಗನಾದ್ದರಿಂದ ಕೋಟೆ, ಸೀಮೆ, ಪದವಿ ಎಲ್ಲಕ್ಕೂ ಅವನೇ ಬಾಧ್ಯಸ್ಥ.

ಮಗನ ಬಗ್ಗೆ ತಂದೆಗೊಂದು ಕನಸು, ತಾಯಿಗೊಂದು ಕನಸು. ತಾಯಿ ಅವನ ಪುಟ್ಟ ಕೈ ಹಿಡಿದು ಶಿಲುಬೆಯ ಗುರುತು ಹಾಕಲು ಕಲಿಸಿದರು. ತಂದೆ ಅದೇ ಕೈಗೆ ಆಯುಧ ಕೊಟ್ಟರು.

ತಂದೆಯ ಕನಸನ್ನು ಅರ್ಥಮಾಡಿಕೊಳ್ಳಲು ಆ ಕಾಲದ ರೂಢಿ ಗೊತ್ತಿರಬೇಕು. ಯುರೋಪಿನಲ್ಲಿ ನೈಟ್ ಎಂಬ ಕುದುರೆಸವಾರ ವೀರರ ಪರಂಪರೆಯೊಂದಿತ್ತು. ದೊಡ್ಡ ಮನೆತನದ ಹುಡುಗನನ್ನು ಏಳು ವರ್ಷದ ಹೊತ್ತಿಗೆ ಬೇರೊಬ್ಬ ಒಡೆಯನ ಮನೆಗೆ ಕಳುಹಿಸುತ್ತಿದ್ದರು. ಅಲ್ಲಿ ಅವನು ಊಟಕ್ಕೆ ಬಡಿಸುವುದು, ಹಿರಿಯರ ಮುಂದೆ ನಿಲ್ಲುವ ಕ್ರಮ, ಹೆಂಗಸರೊಡನೆ ಗೌರವದ ನಡೆ ಇವನ್ನು ಕಲಿಯಬೇಕು. ಹದಿನಾಲ್ಕರ ಸುಮಾರಿಗೆ ವೀರನೊಬ್ಬನ ಹಿಂದೆ ಗುರಾಣಿ ಹೊತ್ತು ನಡೆಯಬೇಕು. ಇಪ್ಪತ್ತೊಂದರ ಹೊತ್ತಿಗೆ ಅವನಿಗೇ ಆ ಪದವಿ. ಕೊಟ್ಟ ಮಾತು ತಪ್ಪಬಾರದು, ನಿರಾಯುಧನ ಮೇಲೆ ಕೈ ಎತ್ತಬಾರದು, ವಿಧವೆಯರನ್ನೂ ಅನಾಥರನ್ನೂ ಕಾಯಬೇಕು, ದೇವರಿಗೂ ಒಡೆಯನಿಗೂ ನಿಷ್ಠನಾಗಿರಬೇಕು ಎಂಬುದು ಅವರ ಆದರ್ಶ.

ಆದರ್ಶ ಒಳ್ಳೆಯದೇ. ತುಳುನಾಡಿನ ಗರಡಿಗಳಲ್ಲಿ ಕೋಟಿ ಚೆನ್ನಯರ ಕಥೆ ಕೇಳಿ ಬೆಳೆದವರಿಗೂ ಇಂಥ ವೀರಧರ್ಮ ಅಪರಿಚಿತವಲ್ಲ. ಆದರೆ ಅಲೋಶಿಯಸ್ ಹುಟ್ಟುವ ಹೊತ್ತಿಗೆ ಕೋವಿ, ಫಿರಂಗಿಗಳು ಬಂದು ಕವಚದ ವೀರರ ಕಾಲ ಮುಗಿಯುತ್ತಿತ್ತು. ವೇಷ ಮತ್ತು ಬಿರುದು ಉಳಿದಿದ್ದವು, ಒಳಗಿನ ಧರ್ಮ ಸೊರಗಿತ್ತು. ಮಾನ ಎಂದರೆ ಒಂದು ಬಿರುಸು ಮಾತಿಗೆ ಕತ್ತಿ ಹಿರಿಯುವುದು ಎಂದಾಗಿತ್ತು. ಈ ದ್ವಂದ್ವಯುದ್ಧಗಳ ಕಾಟ ಎಷ್ಟಿತ್ತೆಂದರೆ 1563ರಲ್ಲಿ ತ್ರೆಂತ್ ಮಹಾಸಭೆ ಅವುಗಳಲ್ಲಿ ತೊಡಗುವವರನ್ನು ಧರ್ಮಸಭೆಯಿಂದ ಬಹಿಷ್ಕರಿಸುವ ಕಟ್ಟಳೆಯನ್ನೇ ಮಾಡಬೇಕಾಯಿತು.

ಸೈನಿಕರ ನಡುವೆ

ಅಲೋಶಿಯಸ್‌ಗೆ ನಾಲ್ಕೈದು ವರ್ಷ. ಟ್ಯೂನಿಸ್ ದಂಡಯಾತ್ರೆಗೆ ಸೈನ್ಯ ಕಟ್ಟುತ್ತಿದ್ದ ತಂದೆ ಅವನನ್ನು ಕಾಸಲ್‌ಮಜೋರೆಯ ಶಿಬಿರಕ್ಕೆ ಕರೆದೊಯ್ದರು. ಅಲ್ಲಿ ಸುಮಾರು ಮೂರು ಸಾವಿರ ಸೈನಿಕರು. ಪುಟಾಣಿಯ ಅಳತೆಗೆ ತಕ್ಕ ಕವಚ, ಹೆಗಲ ಮೇಲೆ ಸಣ್ಣ ಈಟಿ. ಮೆರವಣಿಗೆಯಲ್ಲಿ ಮುಂದೆ ನಡೆಯುವ ಅವನನ್ನು ಕಂಡು ಎಲ್ಲರಿಗೂ ಸಂತೋಷ. ಒಮ್ಮೆ ಕೋವಿ ಹಾರಿಸಲು ಹೋಗಿ ಮದ್ದಿನ ಕಿಡಿಯಿಂದ ಮುಖ ಸುಟ್ಟುಕೊಂಡ. ಇನ್ನೊಮ್ಮೆ ಎಲ್ಲರೂ ಮಧ್ಯಾಹ್ನ ಮಲಗಿದ್ದಾಗ ಸೈನಿಕರ ಮದ್ದು ಕದ್ದು ಸಣ್ಣ ಫಿರಂಗಿಯೊಂದನ್ನು ಹಾರಿಸಿಯೇಬಿಟ್ಟ. ಹಿಂದಕ್ಕೆ ಚಿಮ್ಮಿದ ಫಿರಂಗಿಯ ಗಾಲಿಯಡಿ ಸಿಕ್ಕದೆ ಉಳಿದದ್ದೇ ಪುಣ್ಯ. ಶಿಕ್ಷಿಸಲು ಹೊರಟ ತಂದೆಯನ್ನು ಹುಡುಗನ ಧೈರ್ಯ ಮೆಚ್ಚಿದ ಸೈನಿಕರೇ ತಡೆದರಂತೆ.

ಆದರೆ ಮದ್ದಿಗಿಂತ ಅಪಾಯದ ಇನ್ನೊಂದು ವಸ್ತುವನ್ನೂ ಮಗು ಅಲ್ಲಿಂದ ಎತ್ತಿಕೊಂಡಿತ್ತು. ಅದು ಸೈನಿಕರ ಬಾಯಿಯ ಹೊಲಸು ಮಾತು. ಅರ್ಥ ತಿಳಿಯದ ಆ ಮಾತುಗಳನ್ನು ಅವನು ದೊಡ್ಡವರಂತೆ ಆಡತೊಡಗಿದ. ಅದನ್ನು ಕೇಳಿ ಇತರರು ನಕ್ಕಿರಬಹುದು. ಆದರೆ ಅವನ ಮೇಲ್ವಿಚಾರಕರಾಗಿದ್ದ ಉಪಾಧ್ಯಾಯರು ನಗಲಿಲ್ಲ. ಇವು ಕುಲೀನರ ಬಾಯಲ್ಲಿ ಬರತಕ್ಕ ಮಾತಲ್ಲ, ದೇವರಿಗೂ ಮೆಚ್ಚಿಕೆಯಲ್ಲ ಎಂದು ತಿದ್ದಿದರು. ಹುಡುಗ ನಾಚಿಕೆಯಿಂದ ಕುಗ್ಗಿದ. ಆ ಮೇಲೆ ಅಂಥ ಮಾತು ಅವನ ಬಾಯಿಂದ ಹೊರಡಲಿಲ್ಲ. ದೊಡ್ಡವನಾದ ಮೇಲೂ ಅದನ್ನು ತನ್ನ ಬಾಳಿನ ದೊಡ್ಡ ತಪ್ಪೆಂದೇ ನೆನೆದು ಅಳುತ್ತಿದ್ದ.

ಇಲ್ಲಿ ಹೆತ್ತವರು ಗಮನಿಸಬೇಕಾದದ್ದು ಆ ಉಪಾಧ್ಯಾಯರ ಕೆಲಸ. ಮಗು ಕೆಟ್ಟ ಮಾತನ್ನು ಮೊದಲ ಸಲ ಆಡಿದಾಗ ಮನೆಯವರು ನಕ್ಕರೆ ಅದು ಮಗುವಿಗೆ ಬಹುಮಾನ. ಹೊಡೆದರೆ ಮಾತು ಹೊರಗಿನ ಗೆಳೆಯರ ಮುಂದೆ ಬಚ್ಚಿಟ್ಟುಕೊಳ್ಳುತ್ತದೆ. ಏಕೆ ತಪ್ಪು ಎಂದು ಹೇಳಿ, ನೀನು ಇದಕ್ಕಿಂತ ಮೇಲಿನವನು ಎಂಬ ಭಾವನೆ ಹುಟ್ಟಿಸಿದರೆ ಮಾತ್ರ ಅದು ಬೇರಿನಿಂದ ಹೋಗುತ್ತದೆ. ಅಂದು ಹೊಲಸು ಮಾತು ಸೈನಿಕರ ಶಿಬಿರದಲ್ಲಿತ್ತು. ಇಂದು ಅದು ಮಕ್ಕಳ ಕೈಯಲ್ಲಿನ ಮೊಬೈಲಿನಲ್ಲಿದೆ.

ಅರಮನೆಯ ಪಾಠಗಳು

ಎಂಟೊಂಬತ್ತರ ವಯಸ್ಸಿನಲ್ಲಿ ಅಲೋಶಿಯಸ್ ಮತ್ತು ತಮ್ಮ ರೊಡೊಲ್ಫೊ ಫ್ಲಾರೆನ್ಸ್ ನಗರದ ಮೆದಿಚಿ ಅರಮನೆಗೆ ಹೋದರು. ಭಾಷೆ, ಕತ್ತಿವರಸೆ, ನೃತ್ಯ, ಸಭಾಮರ್ಯಾದೆ ಎಲ್ಲದರ ಪಾಠ ಅಲ್ಲಿ ಆಯಿತು. ಆದರೆ ಬಾಲಕನ ಕಣ್ಣಿಗೆ ಬೇರೆಯದೂ ಬಿತ್ತು. ಬಾಗಿ ನಮಸ್ಕರಿಸುವವರೇ ಬೆನ್ನ ಹಿಂದೆ ಚುಚ್ಚುತ್ತಿದ್ದರು. ನಯವಾದ ಮಾತಿನ ಒಳಗೆ ವಿಷವಿತ್ತು, ರೇಷ್ಮೆಯ ಅಂಗಿಯೊಳಗೆ ಬಾಕು ಇತ್ತು. ಹೃದಯವಿಲ್ಲದ ಶಿಷ್ಟಾಚಾರ ಎಷ್ಟು ಪೊಳ್ಳು ಎಂದು ಅವನು ಎಳವೆಯಲ್ಲೇ ತಿಳಿದ. ಅಲ್ಲಿನ ಅನುನ್ಸಿಯಾತಾ ದೇವಾಲಯದಲ್ಲಿ ಮರಿಯಮ್ಮನವರ ಮುಂದೆ ತನ್ನ ಬಾಳನ್ನು ನಿರ್ಮಲವಾಗಿ ಇಟ್ಟುಕೊಳ್ಳುವ ವ್ರತ ತೊಟ್ಟ.

1579ರಲ್ಲಿ ಸೋದರರು ಮಾಂಟುವಾ ನಗರಕ್ಕೆ ಬಂದರು. ಅಲ್ಲಿ ಅವನಿಗೆ ಮೂತ್ರಪಿಂಡದ ರೋಗ ತಗುಲಿತು. ಹಾಸಿಗೆ ಹಿಡಿದ ಹುಡುಗನಿಗೆ ಪುಸ್ತಕಗಳೇ ಸಂಗಾತಿ. ಸಂತರ ಚರಿತ್ರೆಗಳ ಜೊತೆಗೆ ಅವನ ಕೈಗೆ ಬಂದದ್ದು ಭಾರತದಲ್ಲಿ ದುಡಿಯುತ್ತಿದ್ದ ಯೇಸುಸಭೆಯ ಗುರುಗಳ ವೃತ್ತಾಂತ. ನಮ್ಮ ದೇಶದ ಹೆಸರು ಹೀಗೆ ಈ ಬಾಲಕನ ಮನಸ್ಸಿನಲ್ಲಿ ಬಿತ್ತಾಯಿತು. ಅವನು ಇಲ್ಲಿಗೆ ಬರಲಿಲ್ಲ. ಮುನ್ನೂರು ವರ್ಷಗಳ ನಂತರ ಅವನ ಹೆಸರು ಬಂತು. 1580ರ ಜುಲೈ 22ರಂದು ಮಿಲಾನಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಚಾರ್ಲ್ಸ್ ಬೊರೊಮೆಯೊ, ಅಂದರೆ ಮುಂದೆ ಸಂತರಾದ ಅದೇ ಬೊರೊಮೆಯೊ, ಅವನಿಗೆ ಮೊದಲ ಪರಮಪ್ರಸಾದ ಕೊಟ್ಟರು.

1581ರಲ್ಲಿ ಕುಟುಂಬವು ಸಾಮ್ರಾಜ್ಞಿ ಮರಿಯಾಳ ಪರಿವಾರದೊಡನೆ ಸ್ಪೇನಿಗೆ ಹೊರಟಿತು. ಮ್ಯಾಡ್ರಿಡ್‌ನಲ್ಲಿ ಇಬ್ಬರು ಸೋದರರೂ ದೊರೆ ಎರಡನೆಯ ಫಿಲಿಪ್ಪನ ಮಗ ದಿಯೇಗೊ ರಾಜಕುಮಾರನ ಪರಿಚಾರಕ ಬಾಲಕರಾಗಿ ನೇಮಕಗೊಂಡರು. ರಾಜಕುಮಾರನಿಗೆ ಆರೇಳು ವರ್ಷ, ಅಲೋಶಿಯಸ್‌ಗೆ ಹದಿಮೂರು ದಾಟಿತ್ತು. ಒಂದು ದಿನ ಕಿಟಕಿಯಿಂದ ಬೀಸುವ ಗಾಳಿ ರಾಜಕುಮಾರನಿಗೆ ತೊಂದರೆ ಕೊಟ್ಟಿತಂತೆ. ಸಿಟ್ಟಾದ ಮಗು ಗಾಳಿಗೆ ನಿಲ್ಲುವಂತೆ ಆಜ್ಞೆ ಮಾಡಿತು. ಅರಮನೆಯ ಬೇರೆ ಯಾರೇ ಆಗಿದ್ದರೂ ಮುಖಸ್ತುತಿಯ ಒಂದು ಮಾತು ಹೇಳುತ್ತಿದ್ದರು. ಅಲೋಶಿಯಸ್ ನಕ್ಕು, ರಾಜರ ಆಜ್ಞೆ ಮನುಷ್ಯರಿಗೆ ಮಾತ್ರ, ಗಾಳಿಗೆ ಒಡೆಯನು ದೇವರೊಬ್ಬನೇ, ಆತನಿಗೆ ರಾಜರೂ ತಲೆಬಾಗಬೇಕು ಎಂದು ಮೆಲ್ಲಗೆ ತಿಳಿಹೇಳಿದ. ಒರಟುತನವಿಲ್ಲದೆ ಸತ್ಯ ನುಡಿಯುವುದು, ಸುಳ್ಳಿಲ್ಲದೆ ವಿನಯ ತೋರುವುದು ಇವೆರಡೂ ಆ ಒಂದು ಉತ್ತರದಲ್ಲಿದ್ದವು. ಪುಟ್ಟ ರಾಜಕುಮಾರ 1582ರಲ್ಲೇ ತೀರಿಕೊಂಡ.

ತಂದೆಯ ಮಾನ, ಮಗನ ನಿರ್ಧಾರ

ಸ್ಪೇನಿನಲ್ಲೇ ಅಲೋಶಿಯಸ್ ಯೇಸುಸಭೆ ಸೇರುವ ನಿರ್ಧಾರ ಮಾಡಿದ. ತಾಯಿ ಸಂತೋಷಪಟ್ಟರು. ತಂದೆ ಕೆರಳಿದರು. ಹೊಡೆಸುವೆನೆಂದು ಬೆದರಿಸಿದರು. ಫೆರಾಂತೆಗೆ ಜೂಜಿನ ಚಟವಿತ್ತು, ದೊಡ್ಡ ಮೊತ್ತಗಳನ್ನು ಕಳೆದುಕೊಂಡಿದ್ದರು. ತನ್ನ ಜೂಜು ನಿಲ್ಲಿಸಲು ಹೂಡಿದ ಸಂಚು ಇದು ಎಂದೂ ಶಂಕಿಸಿದರು. ಹಿರಿಯ ಮಗ, ಬುದ್ಧಿವಂತ, ವ್ಯವಹಾರ ಬಲ್ಲವನು. ಅವನೇ ಬಿಟ್ಟುಹೋದರೆ ಗೊನ್ಜಾಗ ಹೆಸರಿನ ಗತಿಯೇನು ಎಂಬ ನೋವು ಅವರದು. ಅದನ್ನು ಕೇವಲ ಹಟ ಎನ್ನಲಾಗದು. ಮಗನ ಮೇಲೆ ಆಸೆ ಕಟ್ಟಿಕೊಂಡ ಪ್ರತಿಯೊಬ್ಬ ತಂದೆಗೂ ಆ ನೋವು ಗೊತ್ತು.

1584ರಲ್ಲಿ ಇಟಲಿಗೆ ಮರಳಿದ ಮೇಲೂ ತಿಕ್ಕಾಟ ಮುಂದುವರಿಯಿತು. ಮನಸ್ಸು ತಿರುಗೀತೆಂದು ತಂದೆ ಅವನನ್ನು ಒಬ್ಬರಾದ ಮೇಲೊಬ್ಬರು ಅರಸರ ಭೇಟಿಗೆ ಕಳುಹಿಸಿದರು. ಮಿಲಾನಿನಲ್ಲಿ ಮನೆತನದ ವ್ಯವಹಾರ ನೋಡಿಕೊಳ್ಳಲು ಬಿಟ್ಟರು. ಮಗ ಹೇಳಿದ ಕೆಲಸವನ್ನೆಲ್ಲ ಶ್ರದ್ಧೆಯಿಂದ ಮಾಡಿಕೊಟ್ಟ. ತಂದೆಗೆ ಎದುರುತ್ತರ ಕೊಡಲಿಲ್ಲ, ಕದ್ದು ಓಡಿಹೋಗಲಿಲ್ಲ. ಆದರೆ ನಿರ್ಧಾರ ಬಿಡಲೂ ಇಲ್ಲ. ಕೊನೆಗೆ ಕೋಣೆಯಲ್ಲಿ ಒಬ್ಬನೇ ಮೊಣಕಾಲೂರಿ ಅಳುತ್ತ ಪ್ರಾರ್ಥಿಸುತ್ತಿದ್ದ ಮಗನನ್ನು ಬಾಗಿಲ ಸಂದಿಯಿಂದ ಕಂಡ ತಂದೆಯ ಮನಸ್ಸು ಕರಗಿತು. 1585ರ ನವೆಂಬರ್ 2ರಂದು ಮಾಂಟುವಾದಲ್ಲಿ ಬಂಧುಗಳ ಮುಂದೆ ಅಲೋಶಿಯಸ್ ತನ್ನ ಎಲ್ಲ ಹಕ್ಕುಗಳನ್ನು ರೊಡೊಲ್ಫೊನಿಗೆ ಬಿಟ್ಟುಕೊಟ್ಟು ಪತ್ರಕ್ಕೆ ಸಹಿ ಹಾಕಿದ. ನವೆಂಬರ್ 25ರಂದು ರೋಮಿನಲ್ಲಿ ಯೇಸುಸಭೆಯ ನೊವಿಶಿಯೇಟ್ ಸೇರಿದ. ಆಗ ಅವನಿಗೆ ಹದಿನೇಳು. ಕೆಲವೇ ತಿಂಗಳಲ್ಲಿ, 1586ರ ಫೆಬ್ರವರಿಯಲ್ಲಿ, ತಂದೆ ದೇವರೊಡನೆ ಸಮಾಧಾನ ಮಾಡಿಕೊಂಡು ಕಣ್ಣುಮುಚ್ಚಿದರು.

ಸೇವಕರ ನಡುವೆ ಬೆಳೆದ ಸೀಮೆಯ ಒಡೆಯ ರೋಮಿನಲ್ಲಿ ನೆಲ ಗುಡಿಸಿದರು, ಪಾತ್ರೆ ತೊಳೆದರು. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಅವರ ಉಪವಾಸ, ದೇಹದಂಡನೆಗಳು ಕಠೋರವಾಗಿದ್ದವು. ಯೇಸುಸಭೆಯ ಹಿರಿಯರು ಅವುಗಳಿಗೆ ಕಡಿವಾಣ ಹಾಕಿದರು, ಚೆನ್ನಾಗಿ ಉಣ್ಣಬೇಕೆಂದೂ ವಿಶ್ರಾಂತಿ ತೆಗೆದುಕೊಳ್ಳಬೇಕೆಂದೂ ಅಪ್ಪಣೆ ಮಾಡಿದರು. ಹಟಮಾರಿ ಸ್ವಭಾವದ ಆ ಯುವಕ ವಿಧೇಯರಾದರು. ನಮ್ಮ ಮಕ್ಕಳಿಗೆ ಮಾದರಿಯಾಗಿ ತೋರಿಸಬೇಕಾದದ್ದು ಆ ದಂಡನೆಗಳನ್ನಲ್ಲ, ಹಿರಿಯರ ಮಾತಿಗೆ ತಮ್ಮ ಹಟವನ್ನು ಬಿಟ್ಟ ಆ ವಿಧೇಯತೆಯನ್ನು.

ಬಿಟ್ಟುಬಂದ ಮನೆಗೆ ಸಂಧಾನಕ್ಕೆ

ಮಾನದ ಪ್ರಶ್ನೆ ಮತ್ತೆ ಮನೆಯಿಂದಲೇ ಎದ್ದುಬಂತು. ಸೊಲ್ಫೆರಿನೊ ಎಂಬ ಸೀಮೆಯ ಒಡೆಯನಾಗಿದ್ದ ಚಿಕ್ಕಪ್ಪ ಮಕ್ಕಳಿಲ್ಲದೆ ತೀರಿಕೊಂಡಿದ್ದ. ಆ ಆಸ್ತಿ ತನ್ನದೆಂದು ರೊಡೊಲ್ಫೊ, ತನ್ನದೆಂದು ಮಾಂಟುವಾದ ಡ್ಯೂಕ್. ಇಬ್ಬರೂ ಒಂದೇ ವಂಶದವರು. ಹಗೆತನ ಹಿರಿಯರಾರಿಂದಲೂ ಬಗೆಹರಿಯಲಿಲ್ಲ. 1589ರಲ್ಲಿ ಅಲೋಶಿಯಸ್‌ರನ್ನು ರೋಮಿನಿಂದ ಕರೆಸಿದರು. ಆಸ್ತಿಯಲ್ಲಿ ಪಾಲಿಲ್ಲದ ಅವರ ಮಾತನ್ನು ಎರಡೂ ಕಡೆಯವರು ನಂಬಿದರು. ರಾಜಿ ಆಯಿತು.

ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಷಯವಿತ್ತು. ರೊಡೊಲ್ಫೊ ತನ್ನ ಅಂತಸ್ತಿಗೆ ಸರಿಬಾರದ ಎಲೆನಾ ಎಂಬ ಹೆಣ್ಣನ್ನು ಗುಟ್ಟಾಗಿ ಮದುವೆಯಾಗಿದ್ದ. ಬಂಧುಗಳಿಗೆ ಹೆದರಿ ಅದನ್ನು ಮುಚ್ಚಿಟ್ಟಿದ್ದ. ಊರಿನವರು ಅವಳನ್ನು ಇಟ್ಟುಕೊಂಡವಳೆಂದೇ ಆಡಿಕೊಳ್ಳುತ್ತಿದ್ದರು. ಮನೆತನದ ಮರ್ಯಾದೆ ಉಳಿಸಲು ಒಬ್ಬ ಹೆಣ್ಣಿನ ಮರ್ಯಾದೆ ಬೀದಿಪಾಲಾಗಿತ್ತು. ಅಲೋಶಿಯಸ್ ತಮ್ಮನನ್ನು ಬಿಡಲಿಲ್ಲ. ಮದುವೆಯನ್ನು ಎಲ್ಲರಿಗೂ ತಿಳಿಸಲೇಬೇಕೆಂದು ಒತ್ತಾಯಿಸಿ ಒಪ್ಪಿಸಿದರು. ತಾಯಿಯನ್ನೂ ಬಂಧುಗಳನ್ನೂ ಸಮಾಧಾನಪಡಿಸಿದರು. ಹೆಂಗಸರ ಮಾನ ಕಾಯುವ ವೀರರ ಆದರ್ಶ ಅಂದು ಕವಚವಿಲ್ಲದ ಒಂದು ಕಪ್ಪು ನಿಲುವಂಗಿಯಲ್ಲಿ ಕಾಣಿಸಿತು. ನಮ್ಮ ಮನೆಗಳಲ್ಲೂ ಜನ ಏನೆಂದಾರು ಎಂಬ ಭಯಕ್ಕೆ ಸೊಸೆಯನ್ನೋ ಮಗಳನ್ನೋ ನೋಯಿಸುವ ಮುನ್ನ ಈ ಪ್ರಸಂಗವನ್ನು ನೆನೆಯುವುದು ಒಳ್ಳೆಯದು.

ಹೆಗಲ ಮೇಲೆ ರೋಗಿ

1591ರಲ್ಲಿ ರೋಮಿನಲ್ಲಿ ಬರಗಾಲದ ಬೆನ್ನಿಗೆ ಸಾಂಕ್ರಾಮಿಕ ರೋಗ ಹಬ್ಬಿತು. ಬೀದಿಯಲ್ಲಿ ಜನ ಸಾಯುತ್ತಿದ್ದರು. ಯೇಸುಸಭೆಯವರು ರೋಗಿಗಳಿಗೆ ಆಸ್ಪತ್ರೆ ತೆರೆದರು. ಅಲೋಶಿಯಸ್ ಜೋಳಿಗೆ ಹಿಡಿದು ಶ್ರೀಮಂತರ ಬಾಗಿಲುಗಳಲ್ಲಿ ಭಿಕ್ಷೆ ಬೇಡಿದರು. ರೋಗಿಗಳನ್ನು ತೊಳೆದು, ಉಣಿಸಿ, ಹಾಸಿಗೆ ಮಾಡಿಕೊಟ್ಟರು. ಕೀವು, ದುರ್ಗಂಧಗಳಿಗೆ ಅವರ ದೇಹ ಮೊದಲು ಹೇಸಿತು. ಆದರೂ ಹಿಂದೆ ಸರಿಯಲಿಲ್ಲ. ಜೊತೆಯಲ್ಲಿ ದುಡಿಯುತ್ತಿದ್ದ ಯುವಕರು ರೋಗ ತಗುಲಿ ಸತ್ತಾಗ ಹಿರಿಯರು ಅವರನ್ನು ಆ ಸೇವೆಯಿಂದ ತಡೆದರು. ಅವರು ಬೇಡಿಕೊಂಡ ಮೇಲೆ ಕೊನ್ಸೊಲಾಸಿಯೊನೆ ಮಾತೆಯ ಹೆಸರಿನ ಆಸ್ಪತ್ರೆಗೆ ಹೋಗಲು ಬಿಟ್ಟರು.

ಮಾರ್ಚ್ ತಿಂಗಳ ಆರಂಭದಲ್ಲಿ ರೋಗಿಯೊಬ್ಬನನ್ನು ಹೆಗಲಿಗೆ ಹೊತ್ತು ಸಾಗಿಸಿದ ಅಲೋಶಿಯಸ್‌ರಿಗೆ ರೋಗ ಅಂಟಿತು. ಒಮ್ಮೆ ಚೇತರಿಸಿದಂತೆ ಕಂಡರೂ ಸಣ್ಣ ಜ್ವರ ಬಿಡಲಿಲ್ಲ. ಮೂರು ತಿಂಗಳು ನರಳಿದರು. ಕೊನೆಯ ದಿನಗಳಲ್ಲಿ ತಾಯಿಗೆ ಪತ್ರ ಬರೆದು ತನ್ನ ಸಾವಿಗೆ ಅಳಬಾರದೆಂದು ಮಗನ ವಿನಯದಿಂದಲೇ ಸಂತೈಸಿದರು. ಅವರ ಆತ್ಮಿಕ ಗುರುಗಳಾಗಿದ್ದ ರಾಬರ್ಟ್ ಬೆಲ್ಲಾರ್ಮಿನ್, ಮುಂದೆ ಅವರೂ ಸಂತರಾದವರು, ಆ ದಿನಗಳಲ್ಲಿ ಹತ್ತಿರವೇ ಇದ್ದರು. ಪರಮಪ್ರಸಾದದ ಮಹೋತ್ಸವದ ಎಂಟನೆಯ ದಿನದ ರಾತ್ರಿ ಅವರ ಪ್ರಾಣ ಹೋಯಿತು. ಆ ದಿನಾಂಕ 1591ರ ಜೂನ್ 21 ಎಂದು ದಾಖಲಾಗಿದೆ. ವಯಸ್ಸು ಇಪ್ಪತ್ತಮೂರು.

ಜೊತೆಗಾರ ವಿರ್ಜಿಲಿಯೊ ಚೆಪಾರಿ ಅವರ ಚರಿತ್ರೆ ಬರೆದರು. 1605ರಲ್ಲಿ ಧನ್ಯರೆಂದೂ 1726ರಲ್ಲಿ ಸಂತರೆಂದೂ ಘೋಷಿತರಾದ ಅವರನ್ನು 1729ರಲ್ಲಿ ವಿದ್ಯಾರ್ಥಿಗಳ ಪಾಲಕ ಸಂತರೆಂದು ಸಾರಲಾಯಿತು.

ಅವರ ಹೆಸರಿನ ಕಾಲೇಜಿಗೆ ಸೇರಿದ್ದ ಒಬ್ಬ ಗುರುಗಳನ್ನೂ ಇಲ್ಲಿ ನೆನೆಯಬೇಕು. ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲಾರಂಭಿಸಿದರು. 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕೊಟ್ಟರು. ಚಾಪೆಲಿನ ಬಣ್ಣ ಒಣಗುವಷ್ಟರಲ್ಲಿ, 1902ರಲ್ಲಿ, ಪ್ಲೇಗು ಮಂಗಳೂರಿಗೂ ಬಂತು. ಮುಲ್ಲರ್ ಗುರುಗಳು ಪ್ಲೇಗು ರೋಗಿಗಳಿಗಾಗಿ ಆಸ್ಪತ್ರೆ ತೆರೆದರು. ಮಾಡಿನ ಮೇಲೆ ಬರೆದದ್ದು ಆಗ ನೆಲದ ಮೇಲೆ ನಡೆಯಿತು.

ನಮ್ಮ ಮನೆಗಳಿಗೆ ಏನು ಪಾಠ?

ಅಲೋಶಿಯಸ್ ವೀರರ ಆದರ್ಶವನ್ನು ತೊರೆದರೆಂದು ಹೇಳುವುದು ಸರಿಯಲ್ಲ. ಅವರು ಅದನ್ನು ಪೂರ್ತಿ ಮಾಡಿದರು. ಕೊಟ್ಟ ಮಾತಿಗೆ ನಿಂತರು, ಅಧಿಕಾರದ ಮುಂದೆ ಸತ್ಯ ನುಡಿದರು, ಹೆಣ್ಣಿನ ಮಾನ ಕಾಯ್ದರು, ಬಲಹೀನನನ್ನು ಹೆಗಲಿಗೇರಿಸಿದರು. ಮರ್ಯಾದೆ ಎಂದರೆ ಇತರರು ನಮಗೆ ಕೊಡಬೇಕಾದದ್ದಲ್ಲ, ನಾವು ಇತರರಿಗೆ ಕೊಡಬೇಕಾದ ಸಾಲ. ಬಲ ಇರುವವನು ಬಲ ಇಲ್ಲದವನ ಮುಂದೆ ಬಾಗುವುದೇ ನಿಜವಾದ ನಯ.

ಗಂಡುಮಕ್ಕಳಿಗೆ ಆಟದ ಕತ್ತಿ, ಕೋವಿಗಳು ಇಷ್ಟ. ಅದರಲ್ಲಿ ತಪ್ಪಿಲ್ಲ. ವೀರನ ಆಟ ಆಡುವ ಹುಡುಗನಿಗೆ ವೀರನ ಕೆಲಸವನ್ನೂ ಕೊಡೋಣ. ಸಿಟಿ ಬಸ್ಸಿನಲ್ಲಿ ಮುದುಕರೊಬ್ಬರು ನಿಂತಿದ್ದರೆ ಸೀಟು ಬಿಟ್ಟುಕೊಡುವುದು ಅವನ ಪಾಲಿಗಿರಲಿ. ತರಗತಿಯಲ್ಲಿ ಎಲ್ಲರೂ ಗೇಲಿ ಮಾಡುವ ಹುಡುಗನ ಪಕ್ಕದಲ್ಲಿ ಕೂರುವುದು ಅವನ ಧೈರ್ಯವಾಗಲಿ. ತಂಗಿಯ ಪಾಲಿನ ಕೆಲಸ, ತನ್ನ ಪಾಲಿನ ಕೆಲಸ ಎಂಬ ಭೇದವಿಲ್ಲದೆ ಉಂಡ ತಟ್ಟೆ ತಾನೇ ತೊಳೆಯಲಿ. ಮನೆಗೆಲಸಕ್ಕೆ ಬರುವವರನ್ನು ಅಕ್ಕ, ಅಣ್ಣ ಎಂದು ಕರೆಯಲಿ. ಹೆಣ್ಣುಮಕ್ಕಳಿಗೂ ಇದೇ ಪಾಠ, ಏಕೆಂದರೆ ಧೈರ್ಯವೂ ನಯವೂ ಗಂಡಸರ ಸ್ವತ್ತಲ್ಲ.

ಸಂಜೆ ತೇರ್ಸ್ ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಬಂದು ಬೆಸಾಂವ್ ಬೇಡುವ ಪದ್ಧತಿ ನಮ್ಮದು. ಆ ಗಳಿಗೆಯಲ್ಲಿ ತಲೆಬಾಗುವುದು ಮಗು, ಆದರೆ ಪರೀಕ್ಷೆ ಇರುವುದು ಹರಸುವ ಹಿರಿಯರಿಗೆ. ಮಗು ನಮ್ಮ ಮಾತಿಗಿಂತ ನಮ್ಮ ನಡೆಯನ್ನೇ ಕಲಿಯುತ್ತದೆ. ನೆರೆಯವರೊಡನೆ ಗಡಿಯ ಜಗಳ ಹೂಡಿ, ಅಣ್ಣತಮ್ಮಂದಿರೊಡನೆ ಮಾತು ಬಿಟ್ಟು, ಮಗನಿಗೆ ಮರ್ಯಾದೆ ಕಲಿಸಲು ಆಗದು.

ಶಾಲೆಗಳಲ್ಲಿ ಹೊಸ ವರ್ಷದ ಪಾಠ ಆರಂಭವಾಗುವ ಜೂನ್ ತಿಂಗಳಲ್ಲೇ ಸಂತ ಅಲೋಶಿಯಸ್‌ರ ಹಬ್ಬ ಬರುತ್ತದೆ. ಆ 21ನೇ ತಾರೀಕು ಮಕ್ಕಳನ್ನು ಗುಡ್ಡದ ಚಾಪೆಲಿಗೆ ಕರೆದೊಯ್ಯಲು ಸಾಧ್ಯವಾದರೆ ಒಳ್ಳೆಯದು. ಆಗದಿದ್ದರೆ ಮನೆಯಲ್ಲೇ ಈ ಕಥೆ ಹೇಳೋಣ. ಜೊತೆಗೆ ಮನೆಯಲ್ಲಿ ಯಾರಾದರೊಬ್ಬರ ಮಾನಕ್ಕೆ ನಮ್ಮಿಂದ ಕುಂದು ಬಂದಿದ್ದರೆ ಅಂದೇ ಅದನ್ನು ಸರಿಪಡಿಸೋಣ. ಮಕ್ಕಳು ಅದನ್ನು ನೋಡಲಿ.